ಚಕ್ಕುಬಂದಿ ಮೊದಲು, ಫೀಸು ಆಮೇಲೆ

ಕೂಸೇ,

ದೋಟಿಯ ತುದಿಗೆ ಕಟ್ಟಿದ ಹಿಡಿಕೆಯ ಬಗ್ಗೆ ನೀನು ಬರೆದು ಕಳಿಸಿದ ಹಾಳೆಗಳನ್ನು ಓದಿದೆ. ಅಡಿಕೆ ಕೊನೆಯ ತೊಟ್ಟು ಕತ್ತರಿಸಿ ಬೀಳುವ ಮೊದಲೇ ಹಿಡಿಕೆ ಅದನ್ನು ಕಚ್ಚಿಕೊಳ್ಳುತ್ತದೆ, ಕೊನೆ ಹಗ್ಗದಲ್ಲಿ ಮೆಲ್ಲಗೆ ಇಳಿಯುತ್ತದೆ, ಕೆಳಗೆ ಬಲೆ ಹಿಡಿದು ನಿಲ್ಲುವವರು ಬೇಡ, ಉದುರಡಿಕೆ ಹೆಕ್ಕುವ ಕೆಲಸವೂ ಇಲ್ಲ. ಸಂತೋಷವಾಯಿತು. ಆದರೆ ನಿನ್ನಮ್ಮ ಫೋನಿನಲ್ಲಿ ಹೇಳಿದ್ದು ಕೇಳಿ ಅಷ್ಟೇ ಸಿಟ್ಟೂ ಬಂತು. ಪೇಟೆಂಟ್ ಮಾಡಿಸಿಕೊಡಲು ಯಾರೋ ಎರಡು ಲಕ್ಷ ಕೇಳಿದ್ದಾರಂತೆ, ನೀನು ಸೊಸೈಟಿಯಲ್ಲಿ ಸಾಲ ಎತ್ತುವ ಯೋಚನೆಯಲ್ಲಿದ್ದೀಯಂತೆ. ಸಾಲ ಎತ್ತಬೇಡ. ನಾನು ಪೇಟೆಂಟ್ ಏಜೆಂಟನಲ್ಲ, ನಿನ್ನ ಪರವಾಗಿ ಅರ್ಜಿ ಹಾಕುವ ಅಧಿಕಾರ ನನಗಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತ, ಹುಡುಗರ ಅರ್ಜಿಗಳ ಕರಡಿಗೆ ಕೆಂಪು ಗೆರೆ ಎಳೆಯುತ್ತ ಕಲಿತದ್ದಷ್ಟನ್ನು ಹೇಳುತ್ತೇನೆ, ಕೇಳು.

ಮೊದಲು ಸರ್ಕಾರದ ಲೆಕ್ಕ ನೋಡೋಣ. ದೊಡ್ಡ ಕಂಪನಿ ಕಟ್ಟುವ ಫೀಸಿನ ಐದನೇ ಒಂದು ಪಾಲು ಮಾತ್ರ ನಿನ್ನಂಥ ಬಿಡಿ ವ್ಯಕ್ತಿಗೆ. ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಲು 1,600 ರೂಪಾಯಿ. 30 ಪುಟ, 10 ಕ್ಲೇಮುಗಳವರೆಗೆ ಅಷ್ಟೇ (ಕ್ಲೇಮು ಎಂದರೇನೆಂದು ಮುಂದೆ ಹೇಳುತ್ತೇನೆ). ಮೀರಿದ ಪ್ರತಿ ಪುಟಕ್ಕೆ 160, ಪ್ರತಿ ಕ್ಲೇಮಿಗೆ 320. ಅರ್ಜಿಯನ್ನು ಪರೀಕ್ಷಿಸಿ ಎಂದು ಫಾರಂ 18ರಲ್ಲಿ ಬೇರೆಯಾಗಿ ಕೇಳಿಕೊಳ್ಳಬೇಕು, ಅದಕ್ಕೆ 4,000. ಕೇಳದಿದ್ದರೆ ಅವರಾಗಿ ಯಾರೂ ಪರೀಕ್ಷಿಸುವುದಿಲ್ಲ, ಅರ್ಜಿ ಸುಮ್ಮನೆ ಸತ್ತುಹೋಗುತ್ತದೆ. 2024ರ ಮಾರ್ಚಿನ ತಿದ್ದುಪಡಿಯ ನಂತರ ಇದಕ್ಕಿರುವ ಗಡುವು 31 ತಿಂಗಳು. ಹಳೆಯ ಪುಸ್ತಕಗಳಲ್ಲಿ 48 ಎಂದಿರುತ್ತದೆ, ನಂಬಿ ಕೂರಬೇಡ. ಅಲ್ಲಿಗೆ 5,600 ರೂಪಾಯಿ ಆಯಿತು. ಅದರ ಮೇಲೆ ಆನ್‌ಲೈನ್ ಸಹಿಗೆ ಬೇಕಾದ ಡಿಜಿಟಲ್ ಸಿಗ್ನೇಚರಿನ ಖರ್ಚು. ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತದೆ, ಆದರೆ ಚೆನ್ನೈಗೆ ಹೋಗಬೇಕಾದ್ದಿಲ್ಲ. ಮುಂದೆ ವಿಚಾರಣೆಗೆ ಕರೆದರೂ ವಿಡಿಯೊದಲ್ಲೇ ನಡೆಯುತ್ತದೆ.

ಹಾಗಾದರೆ ಎರಡು ಲಕ್ಷ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೀಯ. ಬರೆಯುವವರಿಗೆ ಹೋಗುತ್ತದೆ. ಅದರಲ್ಲಿ ಒಂದಷ್ಟು ನ್ಯಾಯವಾದದ್ದೇ; ಚೆನ್ನಾಗಿ ಬರೆಯುವುದು ಸುಲಭದ ಕೆಲಸವಲ್ಲ. ಉಳಿದದ್ದು ನಿನ್ನ ಕೈಯಲ್ಲಾಗುವ ಕೆಲಸಕ್ಕೆ ಅವರು ಹಾಕಿದ ಬೆಲೆ. ಆ ಕೆಲಸ ಯಾವುದು, ಅದನ್ನು ನೀನೇ ಹೇಗೆ ಮಾಡಿಕೊಳ್ಳಬೇಕು ಎನ್ನುವುದಕ್ಕೇ ಈ ಕಾಗದ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಪೇಟೆಂಟ್ ನಿನಗೆ ಯಾಕೆ ಬೇಕು? ಅದು ಯಂತ್ರ ಮಾಡಲು ಕೊಡುವ ಲೈಸೆನ್ಸಲ್ಲ. ಅದಿಲ್ಲದೆಯೂ ನೀನು ನಾಳೆಯೇ ಮಾಡಿ ಮಾರಬಹುದು. ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಸರ್ಟಿಫಿಕೇಟೂ ಅಲ್ಲ. ನಿನ್ನ ಅನುಮತಿಯಿಲ್ಲದೆ ಇನ್ನೊಬ್ಬರು ಅದನ್ನು ಮಾಡದಂತೆ, ಮಾರದಂತೆ ತಡೆಯುವ ಹಕ್ಕು, ಅರ್ಜಿಯ ದಿನದಿಂದ 20 ವರ್ಷ, ಭಾರತದೊಳಗೆ. ತಡೆಯಬೇಕಾದವರು ಯಾರು ಎಂದು ಯೋಚಿಸು. ಊರಿನ ವೆಲ್ಡಿಂಗ್ ಶಾಪಿನವ ನಾಲ್ಕು ಮಾಡಿ ಮಾರಿದರೆ ನೀನು ಕೋರ್ಟಿಗೆ ಹೋಗುತ್ತೀಯಾ? ಹೋಗುವುದಿಲ್ಲ. ಆದರೆ ದೋಟಿ ತಯಾರಿಸುವ ಕಂಪನಿಯೊಂದು ನಿನ್ನ ಹಿಡಿಕೆಯನ್ನು ತನ್ನ ಮಾಲಿನ ಜೊತೆ ಕೊಡಲು ಬಯಸಿದರೆ, ಆಗ ಮಾತಾಡಲು ಕೂರುವವಳ ಕೈಯಲ್ಲಿ ಕಾಗದ ಇರಬೇಕು. ನಿನ್ನ ವಿಷಯದಲ್ಲಿ ನನಗೆ ಕಾಣುವ ಕಾರಣ ಇದೊಂದೇ. ರೆಸ್ಯುಮೆಯಲ್ಲಿ ಬರೆಯಲು, ಗೋಡೆಗೆ ಕಟ್ಟು ಹಾಕಿಸಲು ಅಂತಾದರೆ ಆ ದುಡ್ಡಲ್ಲಿ ಒಂದು ಒಳ್ಳೆ ಡ್ರಿಲ್ಲಿಂಗ್ ಮೆಷಿನ್ ತಗೊ.

ಇನ್ನು ಬಾಯಿಯ ಮಾತು. ಪುತ್ತೂರಿನ ಕಡೆಯ ಯಂತ್ರಮೇಳಕ್ಕೆ ಒಯ್ಯುವ ಆಸೆ ಇದೆ ಎಂದು ಬರೆದಿದ್ದೀಯ. ಅರ್ಜಿ ಹಾಕುವವರೆಗೆ ಬೇಡ. ನೀನೇ ತೋರಿಸಿದ್ದಾದರೂ, ಅರ್ಜಿಗೆ ಮೊದಲು ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು ಕಾಯಿದೆಯ ಪ್ರಕಾರ ಹೊಸದಲ್ಲ. ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿ ಇದೆ ಎಂದು ಯಾರಾದರೂ ಹೇಳಿಯಾರು. ಇರುವುದು ನಿಜ, ಆದರೆ ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿದ ಪ್ರದರ್ಶನಗಳಿಗೆ ಮಾತ್ರ. ನಮ್ಮ ಕೃಷಿಮೇಳಕ್ಕೋ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೋ ಅದು ತಾನಾಗಿ ಸಿಕ್ಕುವುದಿಲ್ಲ. ತೋಟದಲ್ಲಿ ಪ್ರಯೋಗ ಮಾಡಲೇಬೇಕಲ್ಲ, ಮಾಡು. ನಮ್ಮ ತೋಟದಲ್ಲೇ ಮಾಡು. ಬೇರೆಯವರ ತೋಟವಾದರೆ ಗುಟ್ಟು ಕಾಯುತ್ತೇನೆಂದು ಒಂದು ಹಾಳೆಯಲ್ಲಿ ಬರೆಸಿ, ತಾರೀಖು ಹಾಕಿ ಸಹಿ ಮಾಡಿಸಿಕೊ. ನೆಂಟರ ಹತ್ತಿರ ಸಹಿ ಕೇಳಲು ಸಂಕೋಚವಾಗುತ್ತದೆ, ಗೊತ್ತು. ಸಂಕೋಚವಾದರೆ ತೋರಿಸಬೇಡ. ನಿನ್ನ ತಮ್ಮನಿಗೂ ಹೇಳು, ವಿಡಿಯೊ ತೆಗೆದು ಸ್ಟೇಟಸ್ಸಿಗೆ ಹಾಕುವುದು ಅರ್ಜಿಯಾದ ಮೇಲೆ. ಆ ಅರ್ಧ ನಿಮಿಷದ ವಿಡಿಯೊ ಯೂಟ್ಯೂಬಿಗೆ ಏರಿತೋ, ಮುಂದೆ ಪರೀಕ್ಷಕರು ಅದನ್ನೇ ಎತ್ತಿ ನಿನ್ನ ಮುಂದೆ ಇಡಬಹುದು.

ಹುಡುಕಾಟಕ್ಕೆ ಬರೋಣ. ಇದಕ್ಕೆ ಕೆಲವರು ಹತ್ತಾರು ಸಾವಿರ ತೆಗೆದುಕೊಳ್ಳುತ್ತಾರೆ. ಮೊದಲ ಸುತ್ತನ್ನು ನೀನೇ ಮಾಡು, ಪೂರಾ ಪುಕ್ಕಟೆ. ಭಾರತದ ಅರ್ಜಿಗಳಿಗೆ ಪೇಟೆಂಟ್ ಕಚೇರಿಯದ್ದೇ ಇನ್‌ಪಾಸ್ ಇದೆ. ಹೊರಗಿನವಕ್ಕೆ ಗೂಗಲ್ ಪೇಟೆಂಟ್ಸ್, ಯುರೋಪಿನವರ ಎಸ್ಪಾಸೆನೆಟ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೊದವರ ಪೇಟೆಂಟ್‌ಸ್ಕೋಪ್. ಅಡಿಕೆ ಎಂದು ಮಾತ್ರ ಹುಡುಕಿದರೆ ಏನೂ ಸಿಗದೆ ಖುಷಿಯಾಗುತ್ತದೆ, ಆ ಖುಷಿಗೆ ಬೆಲೆಯಿಲ್ಲ. ತೆಂಗು, ಖರ್ಜೂರ, ಮಲೇಷ್ಯದ ಎಣ್ಣೆತಾಳೆ, ಮಾವು, ಸೇಬು, ಎತ್ತರದ ಕೊಂಬೆ ಸವರುವ ಕತ್ತರಿ, ಎಲ್ಲವನ್ನೂ ನೋಡು. ಹಿಂದೆ ಗೊತ್ತಿದ್ದದ್ದು ಪೇಟೆಂಟ್ ಆಗಿಯೇ ಇರಬೇಕೆಂದಿಲ್ಲ. 1988ರಿಂದ ಪುತ್ತೂರಿನಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'ಯಲ್ಲಿ ಯಾರೋ ಕೃಷಿಕರ ಇಂಥದೇ ಸಾಧನದ ಚಿತ್ರ, ವಿವರ ಅಚ್ಚಾಗಿದ್ದರೆ ಅದೂ ಸಾಕ್ಷಿಯೇ, ಕನ್ನಡದಲ್ಲಿದ್ದರೂ ಸಾಕ್ಷಿಯೇ. ಅರಿಸಿನಕ್ಕೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟನ್ನು 1997ರಲ್ಲಿ ನಮ್ಮ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನವರು ರದ್ದು ಮಾಡಿಸಿದ್ದು ನಮ್ಮ ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟೇ.

ನಾನು ಹುಡುಕಿದಾಗ ಏನಾಯಿತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಉದ್ದ ಕೋಲಿನ ತುದಿಯಲ್ಲಿ ಗುಲಾಬಿ ಕಡ್ಡಿಯನ್ನೋ ಹಣ್ಣಿನ ತೊಟ್ಟನ್ನೋ ಕತ್ತರಿಸಿ, ಕತ್ತರಿಸಿದ್ದು ಕೆಳಗೆ ಬೀಳದಂತೆ ಹಿಡಿದುಕೊಳ್ಳುವ ಕತ್ತರಿಗಳು ತೋಟಗಾರಿಕೆಯ ಅಂಗಡಿಗಳಲ್ಲಿ ಎಷ್ಟೋ ಕಾಲದಿಂದ ಇವೆ. ಅಂದರೆ 'ಕತ್ತರಿಸುವುದು, ಹಿಡಿದುಕೊಳ್ಳುವುದು' ಎನ್ನುವ ನಿನ್ನ ದೊಡ್ಡ ಹೆಗ್ಗಳಿಕೆ ನಿನ್ನದಲ್ಲ. ಆದರೆ ಎರಡನೇ ಪುಟದ ಕೊನೆಯಲ್ಲಿ, ಏನೋ ಚಿಲ್ಲರೆ ವಿಷಯ ಎನ್ನುವ ಹಾಗೆ, ಎರಡು ಸಾಲು ಬರೆದಿದ್ದೀಯ: ಅಲಗು ಪೂರ್ತಿ ಮುಚ್ಚಿದಾಗ ಹಿಡಿಕೆ ದೋಟಿಯಿಂದ ಕಳಚಿಕೊಂಡು ಹಗ್ಗದ ಮೇಲೆ ನಿಲ್ಲುತ್ತದೆ, ಕೊನೆ ಭಾರವಾದಷ್ಟೂ ಹಿಡಿತ ಬಿಗಿಯಾಗುತ್ತದೆ. ಗುಲಾಬಿ ಕತ್ತರಿಯಲ್ಲಿ ಇದು ಕಾಣಲಿಲ್ಲ, ಎಣ್ಣೆತಾಳೆಯ ಕೋಲುಗಳಲ್ಲೂ ಕಾಣಲಿಲ್ಲ. ನಿನ್ನ ಆವಿಷ್ಕಾರ ಅಂತ ಇದ್ದರೆ ಅದು ಆ ಎರಡು ಸಾಲಿನಲ್ಲಿದೆ. ಮೊದಲೆರಡು ಪುಟದಲ್ಲಿ ಉಳಿದದ್ದೆಲ್ಲ ಅಡಿಕೆ ಬೆಳೆಗಾರರ ಕಷ್ಟ, ಆಳಿನ ಕೊರತೆ, ನಿನ್ನ ಯಂತ್ರದ ಗುಣಗಾನ. ಪರೀಕ್ಷಕರಿಗೆ ಅದು ಬೇಡ.

ಕ್ಲೇಮಿನ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ಅಜ್ಜನ ಕ್ರಯಪತ್ರ ನೋಡಿದ್ದೀಯಲ್ಲ. ತೋಟದ ಅಡಿಕೆ ಮರ, ಬಾವಿ, ಮನೆ ಎಲ್ಲದರ ವರ್ಣನೆ ಇದ್ದರೂ ಜಗಳ ಬಂದಾಗ ಎಲ್ಲರೂ ಓದುವುದು ಕೊನೆಯ ಚಕ್ಕುಬಂದಿಯನ್ನು: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ. ಪೇಟೆಂಟಿನಲ್ಲಿ ಕ್ಲೇಮು ಎಂದರೆ ಅದೇ. ಒಳಗೆ ಏನು ವರ್ಣಿಸಿದರೂ ಕ್ಲೇಮಿನಲ್ಲಿ ಬರೆದದ್ದಷ್ಟೇ ನಿನ್ನದು. ನೀನು ಬರೆದಿರುವ ಕ್ಲೇಮು ಹೀಗಿದೆ: 'ಕಾರ್ಬನ್ ಫೈಬರ್ ದೋಟಿಗೆ ಜೋಡಿಸಿದ, ಸ್ಪ್ರಿಂಗ್ ಇರುವ, 60 ಮಿಲಿಮೀಟರಿನ ಎರಡು ಸ್ಟೀಲ್ ದವಡೆಗಳುಳ್ಳ ಅಡಿಕೆ ಕೊಯ್ಲಿನ ಸಾಧನ'. ಇದನ್ನು ಓದಿದ ಒಬ್ಬ ಜಾಣ ಮೂರು ದವಡೆ ಇಡುತ್ತಾನೆ. ಇನ್ನೊಬ್ಬ ಅಲ್ಯೂಮಿನಿಯಂ ದೋಟಿಗೆ ಜೋಡಿಸುತ್ತಾನೆ. ಮತ್ತೊಬ್ಬ ಸ್ಪ್ರಿಂಗಿನ ಬದಲು ರಬ್ಬರ್ ಹಾಕುತ್ತಾನೆ. ಮೂವರೂ ನಿನ್ನ ಗಡಿಯ ಹೊರಗೆ ನಿಂತು ನಿನ್ನದೇ ಮಾಲು ಮಾರುತ್ತಾರೆ. ನೀನು ಸೇರಿಸಿದ ಒಂದೊಂದು ವಿಶೇಷಣವೂ ನಿನ್ನ ಜಮೀನನ್ನು ಒಂದೊಂದು ಗುಂಟೆ ಕಡಿಮೆ ಮಾಡಿದೆ.

ಹಾಗೆಂದು ಊರೆಲ್ಲ ನನ್ನದೇ ಎಂದು ಬರೆದರೆ ಗುಲಾಬಿ ಕತ್ತರಿಯವರ ಜಾಗವೂ ಒಳಗೆ ಬಂದು ಕ್ಲೇಮು ಬಿದ್ದುಹೋಗುತ್ತದೆ. ನಾನಾದರೆ ಮೊದಲ ಕ್ಲೇಮನ್ನು ಹೀಗೆ ಕಟ್ಟುತ್ತಿದ್ದೆ: ಕೋಲೊಂದರ ತುದಿಯಲ್ಲಿ ಕೂರುವ ಕೊಯ್ಲು ಸಾಧನ, ಅದರಲ್ಲಿ ತೊಟ್ಟು ಕತ್ತರಿಸುವ ಅಲಗು, ಕೋಲಿನಿಂದ ಕಳಚಬಲ್ಲ, ಹಗ್ಗಕ್ಕೆ ಕಟ್ಟಿದ ಹಿಡಿಕೆ, ಅಲಗು ಕತ್ತರಿಸಿ ಮುಗಿಸುವ ಚಲನೆಯಿಂದಲೇ ಹಿಡಿಕೆಯನ್ನು ಕೋಲಿನಿಂದ ಬಿಡಿಸುವ ಕೊಂಡಿ, ತೂಗುವ ಕೊನೆಯ ಭಾರದಿಂದಲೇ ಬಿಗಿಯಾಗುವ ಹಾಗೆ ಆ ಹಿಡಿಕೆಯ ರಚನೆ. ಸ್ಟೀಲು ಇಲ್ಲ, ಮಿಲಿಮೀಟರ್ ಇಲ್ಲ, ಅಡಿಕೆಯೂ ಇಲ್ಲ; ತೆಂಗಿನವರು ಬಂದರೆ ಬೇಡವೆನ್ನಬೇಕೇ? ಆಮೇಲಿನ ಕ್ಲೇಮುಗಳಲ್ಲಿ ಒಂದೊಂದಾಗಿ ಸೇರಿಸು: ಮೊದಲನೆಯದರಲ್ಲಿ ಹೇಳಿದಂಥದೇ, ಆದರೆ ದವಡೆ ಎರಡು, ಅಂಥದೇ, ಆದರೆ ಒಳಮೈಗೆ ಹಲ್ಲು. ಪರೀಕ್ಷೆಯಲ್ಲಿ ಮೊದಲನೆಯದು ಬಿದ್ದರೆ ಹಿಂದೆ ಸರಿದು ನಿಲ್ಲಲು ಜಾಗ ಬೇಕು. ಹತ್ತರೊಳಗೆ ಮುಗಿಸು, ಹೆಚ್ಚಿನ ಫೀಸೂ ಉಳಿಯುತ್ತದೆ.

ಅಲಗಿನ ಚಲನೆಯೇ ಕೊಂಡಿ ಬಿಡಿಸಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1970ರ ಪೇಟೆಂಟ್ ಕಾಯಿದೆಯ 3ನೇ ಕಲಮಿನಲ್ಲಿ ಯಾವುದು ಆವಿಷ್ಕಾರ ಅಲ್ಲ ಎಂಬ ಪಟ್ಟಿ ಇದೆ. ಅದರ (ಎಫ್) ಉಪಕಲಮು ರೈತರ ಯಂತ್ರಗಳಿಗೆ ಯಮ: ಗೊತ್ತಿರುವ ಸಾಧನಗಳನ್ನು ತಂತಮ್ಮ ಪಾಡಿಗೆ ಕೆಲಸ ಮಾಡುವಂತೆ ಸುಮ್ಮನೆ ಒಟ್ಟಿಗೆ ಜೋಡಿಸಿದರೆ ಪೇಟೆಂಟ್ ಇಲ್ಲ. ದೋಟಿಗೆ ಒಂದು ಕತ್ತಿ, ಒಂದು ಇಕ್ಕಳ ಕಟ್ಟಿದ್ದೀಯ ಎಂದು ಅವರಿಗೆ ಕಂಡರೆ ಅಲ್ಲಿಗೆ ಮುಗಿಯಿತು. ಒಂದರ ಕೆಲಸ ಇನ್ನೊಂದನ್ನು ನಡೆಸುತ್ತದೆ ಎಂದು ಕಂಡರೆ ಮಾತು ಬೇರೆ. (ಎಚ್) ಉಪಕಲಮಿನಲ್ಲಿ ಕೃಷಿ, ತೋಟಗಾರಿಕೆಯ ವಿಧಾನಗಳಿಗೂ ಬಾಗಿಲು ಮುಚ್ಚಿದೆ. ಆದ್ದರಿಂದ ನಿನ್ನ ಕರಡಿನ ಆರನೇ ಕ್ಲೇಮು, 'ಅಡಿಕೆ ಕೊಯ್ಯುವ ವಿಧಾನ' ಎಂದಿರುವುದನ್ನು, ಹೊಡೆದುಹಾಕು. ಸಾಧನವನ್ನು ಕೇಳು, ವಿಧಾನವನ್ನಲ್ಲ.

ಈ ಕಥೆಯನ್ನು ಸುಪ್ರೀಂ ಕೋರ್ಟೇ ಒಮ್ಮೆ ಹೇಳಿದೆ. ಮಿರ್ಜಾಪುರದ ಹಿತ್ತಾಳೆ ಪಾತ್ರೆಯವರ ಜಗಳ ಅದು. ಪಾತ್ರೆಯನ್ನು ಲೇತಿಗೆ ಕೂರಿಸಿ ಮೈ ನುಣುಪು ಮಾಡುವಾಗ ಅದು ಕಳಚಿ ಹಾರುವ ಅಪಾಯವಿತ್ತು. ಎದುರಿನಿಂದ ಟೇಲ್‌ಸ್ಟಾಕ್ ಒತ್ತಿಹಿಡಿಯುವ ವ್ಯವಸ್ಥೆ ಮಾಡಿ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸಿನವರು ಪೇಟೆಂಟ್ ಪಡೆದಿದ್ದರು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಎಂಬ ಇನ್ನೊಂದು ಅಂಗಡಿಯವರು ಅದನ್ನೇ ಬಳಸಿದಾಗ ದಾವೆಯಾಯಿತು. 1978ರಲ್ಲಿ ಸುಪ್ರೀಂ ಕೋರ್ಟು ಪೇಟೆಂಟನ್ನೇ ಬೀಳಿಸಿತು: ಟೇಲ್‌ಸ್ಟಾಕ್ ಲೇತಿನ ಹಳೆಯ ಅಂಗ, ಕಸುಬು ಬಲ್ಲ ಯಾವ ಕೆಲಸಗಾರನಿಗಾದರೂ ಹೊಳೆಯಬಹುದಾದ ಸುಧಾರಣೆ ಇದು, ಆವಿಷ್ಕಾರವಲ್ಲ. ಅದು ಕೆಲಸಕ್ಕೆ ಬಾರದ ಸುಧಾರಣೆಯೇನಲ್ಲ; ಬೆರಳುಗಳೂ ಉಳಿಯುತ್ತಿದ್ದವು, ಕೆಲಸವೂ ಬೇಗ ಸಾಗುತ್ತಿತ್ತು. ಉಪಯೋಗ ಬೇರೆ, ಆವಿಷ್ಕಾರ ಬೇರೆ. ಸರ್ಕಾರ ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದು ಗಟ್ಟಿ ಎಂಬ ಭರವಸೆ ಇಲ್ಲವೆಂಬುದನ್ನೂ ಆ ತೀರ್ಪು ಸ್ಪಷ್ಟ ಮಾಡಿತು. ನನ್ನ ಮಟ್ಟಿಗೆ, ಲೇತು ಮುಟ್ಟುವ ಪ್ರತಿ ಡಿಪ್ಲೊಮಾ ವಿದ್ಯಾರ್ಥಿಯೂ ಓದಬೇಕಾದ ತೀರ್ಪು ಅದು.

ಇಷ್ಟನ್ನೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯಬೇಕು. ಕನ್ನಡದಲ್ಲಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅಡಿಕೆ ತೋಟದವರ ಯಂತ್ರವನ್ನು ಅಡಿಕೆ ತೋಟದವರ ಭಾಷೆಯಲ್ಲಿ ಹೇಳುವಂತಿಲ್ಲವಲ್ಲ ಎಂದು ನನಗೂ ಉರಿಯುತ್ತದೆ. ಆದರೂ ಮೊದಲು ಕನ್ನಡದಲ್ಲೇ ಬರೆ, ಒಂದೊಂದು ಭಾಗಕ್ಕೂ ಒಂದು ಹೆಸರು, ಒಂದು ಅಂಕಿ ಕೊಡು, ಕೊನೆಯವರೆಗೂ ಅದೇ ಹೆಸರು ಬಳಸು. ಒಂದು ಕಡೆ ಹಿಡಿಕೆ, ಇನ್ನೊಂದು ಕಡೆ ಇಕ್ಕಳ, ಮತ್ತೊಂದು ಕಡೆ ಕ್ಲಾಂಪ್ ಎಂದರೆ ಓದುವವರು ಮೂರು ವಸ್ತು ಎಂದುಕೊಳ್ಳುತ್ತಾರೆ. ಎ4 ಹಾಳೆಯ ಮೇಲೆ ಕಪ್ಪು ಗೆರೆಯ ಚಿತ್ರಗಳನ್ನು ನೀನೇ ಬರೆಯಬಹುದು, ಫೋಟೊ ಬೇಡ. ಸಾರಾಂಶ 150 ಪದ ಮೀರಬಾರದು.

ಈಗ ಅರ್ಜಿ ಯಾವುದು ಎನ್ನುವ ಪ್ರಶ್ನೆ. ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ ತಾರೀಖು ಹಿಡಿದುಕೊಂಡರೆ, ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ. ಅದಕ್ಕೆ ಮತ್ತೆ 1,600 ಕಟ್ಟಬೇಕಿಲ್ಲ. ಪ್ರಾವಿಷನಲ್‌ನಲ್ಲಿ ಕ್ಲೇಮು ಕಡ್ಡಾಯವಲ್ಲ. ಬಡವರಿಗೆ ಇದು ಒಳ್ಳೆಯ ದಾರಿಯೇ, ಒಂದು ಷರತ್ತಿನ ಮೇಲೆ: ಅದರಲ್ಲಿ ಬರೆದದ್ದಕ್ಕೆ ಮಾತ್ರ ಆ ತಾರೀಖು. ಬೇಗ ಹಾಕಬೇಕೆಂದು ಒಂದೂವರೆ ಪುಟ ಗೀಚಿ, ಭಾರದಿಂದ ಬಿಗಿಯಾಗುವ ಹಿಡಿಕೆಯ ಮಾತೇ ಬರದಿದ್ದರೆ, ಆ ಹಿಡಿಕೆಯ ಮಟ್ಟಿಗೆ ನೀನು ಏನನ್ನೂ ಹಿಡಿದಂತಾಗಲಿಲ್ಲ. ಆದ್ದರಿಂದ ಪ್ರಾವಿಷನಲ್ ಆದರೂ ಎಲ್ಲ ಚಿತ್ರ, ಎಲ್ಲ ಬದಲಿ ರೂಪಗಳೊಂದಿಗೆ ತುಂಬಿಸಿ ಬರೆ. ಹನ್ನೆರಡು ತಿಂಗಳು ದಾಟಿದರೆ ಅರ್ಜಿ ಬಿದ್ದುಹೋಗುತ್ತದೆ, ನೆನಪಿರಲಿ. ನಡುವಿನ ಆ ಸಮಯದಲ್ಲಿ ಯಂತ್ರಮೇಳಕ್ಕೂ ಹೋಗು, ದೋಟಿ ಕಂಪನಿಗಳ ಬಾಗಿಲೂ ತಟ್ಟು. ಯಾರಿಗೂ ಬೇಡವಾದರೆ ಪೂರ್ಣ ಅರ್ಜಿಯ ಖರ್ಚೇ ಉಳಿಯುತ್ತದೆ. ಮಾಲಿನ ಮೇಲೆ 'ಪೇಟೆಂಟ್ ಅರ್ಜಿ ಸಲ್ಲಿಸಲಾಗಿದೆ' ಎಂದು ಬರೆ, 'ಪೇಟೆಂಟ್ ಪಡೆದದ್ದು' ಎಂದು ಅಚ್ಚು ಹಾಕಿಸಬೇಡ. ಸುಳ್ಳು ಹೇಳಿದರೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದಾದ ಕಲಮಿದೆ.

ಏಜೆಂಟರು ಬೇಡವೇ ಬೇಡ ಎನ್ನುತ್ತಿಲ್ಲ. ಕಾಯಿದೆ ಏಜೆಂಟರನ್ನು ಕಡ್ಡಾಯ ಮಾಡಿಲ್ಲ, ನೀನೇ ಹಾಕಿಕೊಳ್ಳಬಹುದು. ಆದರೆ ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದನ್ನು ಪೂರ್ಣ ಅರ್ಜಿಯ ಕ್ಲೇಮುಗಳ ಮೇಲೆ ಸುರಿ, ಬೇರೆಲ್ಲೂ ಅಲ್ಲ. ಹುಡುಕಾಟದ ಫಲಿತಾಂಶ, ಚಿತ್ರ, ಪೂರ್ತಿ ವಿವರಣೆ ಎಲ್ಲ ಸಿದ್ಧ ಮಾಡಿಕೊಂಡು ಹೋಗಿ, 'ಕ್ಲೇಮು ಮಾತ್ರ ತಿದ್ದಿ ಕೊಡಿ, ಎಷ್ಟು' ಎಂದು ಕೇಳು. ನೋಂದಾಯಿತ ಏಜೆಂಟರ ಪಟ್ಟಿ ಪೇಟೆಂಟ್ ಕಚೇರಿಯ ತಾಣದಲ್ಲೇ ಇದೆ. ಹೆಸರು ಅದರಲ್ಲಿಲ್ಲದಿದ್ದರೆ ಎದ್ದು ಬಾ. 'ಖಂಡಿತ ಪೇಟೆಂಟ್ ಸಿಗುತ್ತದೆ, ಗ್ಯಾರಂಟಿ' ಎಂದರೂ ಎದ್ದು ಬಾ. 'ವರ್ಲ್ಡ್ ಪೇಟೆಂಟ್' ಎಂದರಂತೂ ಚಹಾ ಕೂಡ ಕುಡಿಯಬೇಡ. ಅಂಥದೊಂದು ಇಲ್ಲ, ದೇಶದೇಶಕ್ಕೂ ಬೇರೆ ಅರ್ಜಿ, ಬೇರೆ ಖರ್ಚು. ಹೊರಗೆ ಹಾಕುವ ಹುಚ್ಚಿದ್ದರೂ ಮೊದಲು ಇಲ್ಲಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಮುಂಚಿತ ಅನುಮತಿ ಬೇಕು. ನಿನಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಇನ್ನೊಂದು ವ್ಯಾಪಾರ ಈಚೆಗೆ ಕಾಲೇಜುಗಳಲ್ಲಿ ಜೋರಾಗಿದೆ: ಯಾವುದೋ ದೇಶದಲ್ಲಿ ಡಿಸೈನ್ ನೋಂದಣಿ ಮಾಡಿಸಿ, ಹತ್ತು ಜನರ ಹೆಸರು ಸೇರಿಸಿ, ಪೇಟೆಂಟ್ ಎಂದು ಮಾರುವುದು. ಡಿಸೈನ್ ನೋಂದಣಿ ಕಾಯುವುದು ವಸ್ತುವಿನ ರೂಪವನ್ನು, ಅದು ಕೆಲಸ ಮಾಡುವ ಬಗೆಯನ್ನಲ್ಲ. ಬಾಟಲಿ, ಕುರ್ಚಿ ಮಾಡುವವರಿಗೆ ಅದು ಅಗ್ಗದ, ಒಳ್ಳೆಯ ರಕ್ಷಣೆ. ನಿನ್ನ ಹಿಡಿಕೆಗೆ ಅಲ್ಲ.

ಸಹಾಯದ ಬಾಗಿಲುಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಹೋಗಿ ಕೇಳು. ಗಾಂಧಿನಗರದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2000ದಿಂದಲೂ ಹಳ್ಳಿಯ ಸಂಶೋಧಕರ ಪರವಾಗಿ, ಅವರದೇ ಹೆಸರಿನಲ್ಲಿ ಅರ್ಜಿ ಹಾಕಿಸುತ್ತ ಬಂದಿದೆ. ಆದರೆ ಅವರು ಹುಡುಕುವುದು ತಾಂತ್ರಿಕ ಶಿಕ್ಷಣದ ನೆರವಿಲ್ಲದೆ ತಾವಾಗಿ ಕಂಡುಕೊಂಡವರನ್ನು. ಹುಣಸೆ ಬೀಜ ಬೇರ್ಪಡಿಸುವ ಯಂತ್ರ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಂಥವರನ್ನು. ಡಿಪ್ಲೊಮಾ ಮಾಡಿದ ನಿನಗೆ ಆ ಬಾಗಿಲು ತೆರೆಯುವುದು ಅನುಮಾನ. ಇನ್ನು ಆವಿಷ್ಕಾರಕರು ಯಾರು ಎನ್ನುವ ಮಾತು. ಹಿಡಿಕೆಯ ದವಡೆಗೆ ಒಂದು ತಿರುವು ಕೊಟ್ಟದ್ದು ಅದನ್ನು ಮಾಡಿಕೊಟ್ಟ ಆಚಾರಿ ಎಂದು ನೀನೇ ಬರೆದಿದ್ದೀಯಲ್ಲ? ಬರೀ ನೀನು ಹೇಳಿದಂತೆ ಬಡಿದುಕೊಟ್ಟಿದ್ದರೆ ಕೂಲಿ ಕೊಟ್ಟರೆ ಮುಗಿಯಿತು. ಆ ತಿರುವಿನ ಯೋಚನೆಯೇ ಅವನದಾಗಿದ್ದರೆ ಫಾರಂ 1ರಲ್ಲಿ ಆವಿಷ್ಕಾರಕರ ಜಾಗದಲ್ಲಿ ಅವನ ಹೆಸರೂ ಇರಬೇಕು, ಪಾಲು ಎಷ್ಟೆಂಬುದನ್ನೂ ಈಗಲೇ ಬರೆದುಕೊಳ್ಳಬೇಕು. ಇದನ್ನು ಧರ್ಮಕ್ಕೆಂದು ಹೇಳುತ್ತಿಲ್ಲ. ನಿಜವಾದ ಆವಿಷ್ಕಾರಕನನ್ನು ಬಿಟ್ಟು ಪಡೆದ ಪೇಟೆಂಟು ಮುಂದೆ ಅದೇ ಕಾರಣಕ್ಕೆ ಬೀಳಬಹುದು.

ಹೆಣ್ಣುಮಗಳು ಎಂಬ ಕಾರಣಕ್ಕೆ ನಿನಗೆ ಒಂದು ಸವಲತ್ತಿದೆ. ಅರ್ಜಿದಾರರಲ್ಲಿ ಒಬ್ಬಳಾದರೂ ಮಹಿಳೆ ಇದ್ದರೆ ತ್ವರಿತ ಪರೀಕ್ಷೆ ಕೇಳಬಹುದು. ಅದಕ್ಕೆ 4,000ದ ಬದಲು 8,000. ಅರ್ಜಿ ಇನ್ನೂ ಪ್ರಕಟವಾಗಿರದಿದ್ದರೆ ಬೇಗ ಪ್ರಕಟಿಸಲು ಇನ್ನೊಂದು 2,500. ಸಾಮಾನ್ಯವಾಗಿ 18 ತಿಂಗಳಿಗೆ ಅದು ತಾನಾಗಿ ಪ್ರಕಟವಾಗುತ್ತದೆ. ಖರೀದಿಸುವ ಕಂಪನಿ ಕಾಗದಕ್ಕಾಗಿ ಕಾಯುತ್ತಿದ್ದರೆ ಮಾತ್ರ ಈ ಅವಸರ ಮಾಡು. ಗಿರಾಕಿ ಇಲ್ಲದಾಗ ನಿಧಾನವೇ ಲಾಭ. ಪೇಟೆಂಟ್ ಬಂದ ಮೇಲೆ ವರ್ಷ ವರ್ಷ ಕಟ್ಟುವ ಲೆಕ್ಕ ಶುರುವಾಗುತ್ತದೆ.

ಪರೀಕ್ಷೆಯ ಮೊದಲ ವರದಿ ಬಂದಾಗ ಹೆದರಬೇಡ. ಹೆಚ್ಚುಕಮ್ಮಿ ಎಲ್ಲ ಕ್ಲೇಮಿಗೂ ಆಕ್ಷೇಪ ಇರುತ್ತದೆ, ಡಿ1, ಡಿ2 ಎಂದು ಹಳೆಯ ದಾಖಲೆಗಳ ಪಟ್ಟಿ ಇರುತ್ತದೆ. ಎಷ್ಟೋ ಜನ ಇದನ್ನು ನಿರಾಕರಣೆ ಎಂದುಕೊಂಡು ಕೈಬಿಡುತ್ತಾರೆ. ಉತ್ತರಕ್ಕೆ ಆರು ತಿಂಗಳಿದೆ, ಕೇಳಿದರೆ ಇನ್ನು ಮೂರು. ಉದಾಹರಣೆಗೆ, ಡಿ1ರಲ್ಲಿ ಅಲಗು, ಹಿಡಿಕೆ ಇದೆ, ಕಳಚುವ ಕೊಂಡಿ ಇಲ್ಲ. ಡಿ2ರಲ್ಲಿ ಭಾರಕ್ಕೆ ಬಿಗಿಯಾಗುವ ಕೊಕ್ಕೆ ಇದೆ, ಆದರೆ ಅದು ಗೋದಾಮಿನ ಕ್ರೇನಿನದು, ಕತ್ತರಿಸುವ ಅಲಗಿಗೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಒಂದೊಂದನ್ನೇ ಪಕ್ಕಕ್ಕಿಟ್ಟು ಬರೆ. ಸಿಟ್ಟು ತೋರಿಸಬೇಡ, ಅಡಿಕೆ ಬೆಳೆಗಾರರ ಕಷ್ಟ ಮತ್ತೆ ಎತ್ತಬೇಡ. ವರದಿ ಬರುವ ಮೊದಲೇ ಅರ್ಜಿ ಹಿಂಪಡೆದರೆ ಪರೀಕ್ಷೆಯ ಫೀಸಿನಲ್ಲಿ ಹೆಚ್ಚುಭಾಗ ವಾಪಸು ಕೇಳಬಹುದು ಎನ್ನುವುದೂ ಗೊತ್ತಿರಲಿ.

ಕಾಗದ ಕೈಗೆ ಬಂತೆನ್ನು. ಯಾರೋ ನಕಲು ಮಾಡಿದರೆ? ದಾವೆ ಜಿಲ್ಲಾ ನ್ಯಾಯಾಲಯದಲ್ಲಿ ಹಾಕಬಹುದು, ಎದುರಿನವ ನಿನ್ನ ಪೇಟೆಂಟೇ ಸಿಂಧುವಲ್ಲ ಎಂದು ಪ್ರತಿದಾವೆ ಹೂಡಿದರೆ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಅಲ್ಲಿಯ ಖರ್ಚಿನ ಮುಂದೆ ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಪುಡಿಗಾಸು. ಅಮೆರಿಕದ ರಾಬರ್ಟ್ ಕೆರ್ನ್ಸ್ ಎಂಬಾತ ಬಿಟ್ಟುಬಿಟ್ಟು ಓಡುವ ವೈಪರಿಗೆ 1960ರ ದಶಕದಲ್ಲಿ ಪೇಟೆಂಟ್ ಪಡೆದ. 1978ರಲ್ಲಿ ಫೋರ್ಡ್ ಕಂಪನಿಯ ಮೇಲೆ ದಾವೆ ಹೂಡಿದ. 1990ರಲ್ಲಿ 1 ಕೋಟಿ 2 ಲಕ್ಷ ಡಾಲರಿಗೆ ರಾಜಿಯಾಯಿತು. ಗೆದ್ದ ಎನ್ನುತ್ತಾರೆ, ಅಷ್ಟರಲ್ಲಿ ಅವನ ಸಂಸಾರ ಒಡೆದಿತ್ತು. ನಿನಗೆ ಅಂಥ ಗೆಲುವು ಬೇಡ. ಕಂಪನಿ ಜೊತೆ ಮಾತಾಡುವಾಗ ಒಂದೇ ಗಂಟಿಗೆ ಪೂರ್ತಿ ಬರೆದುಕೊಡುವುದಕ್ಕಿಂತ ಮಾರಿದ ಪ್ರತಿ ಹಿಡಿಕೆಗೆ ಇಷ್ಟು ಎಂದು ಕೇಳು, ವರ್ಷಕ್ಕೆ ಇಷ್ಟಾದರೂ ಬರಲೇಬೇಕೆಂದು ಕನಿಷ್ಠ ಮೊತ್ತ ಬರೆಸು, ಎರಡು ವರ್ಷ ತಯಾರಿಸದೆ ಕೂತರೆ ಹಕ್ಕು ನಿನಗೇ ಮರಳಬೇಕೆಂದೂ ಬರೆಸು. ಬಾಯಿಮಾತಿನ ವರ್ಗಾವಣೆ ಕಾಯಿದೆಯಲ್ಲಿ ನಡೆಯುವುದಿಲ್ಲ, ಬರಹದಲ್ಲಿರಬೇಕು, ನೋಂದಾಯಿಸಬೇಕು. ಅರ್ಜಿ ಬಾಕಿ ಇರುವಾಗಲೇ ದೊಡ್ಡ ಕಂಪನಿಗೆ ವರ್ಗ ಮಾಡಿದರೆ ನೀನು ಕಟ್ಟಿದ್ದಕ್ಕೂ ಅವರ ದರಕ್ಕೂ ಇರುವ ವ್ಯತ್ಯಾಸವನ್ನು ಕಟ್ಟಬೇಕಾಗುತ್ತದೆ. ಅದು ಅವರ ಲೆಕ್ಕಕ್ಕೆ ಎಂದು ಒಪ್ಪಂದದಲ್ಲೇ ಸೇರಿಸು.

ಉಳಿಸಿಕೊಳ್ಳುವ ಖರ್ಚು ಮೂರನೇ ವರ್ಷದಿಂದ. ಆರನೇ ವರ್ಷದವರೆಗೆ ವರ್ಷಕ್ಕೆ 800, ಹತ್ತರವರೆಗೆ 2,400, ಹದಿನೈದರವರೆಗೆ 4,800, ಇಪ್ಪತ್ತರವರೆಗೆ 8,000. ಕೂಡಿದರೆ 76,800 ರೂಪಾಯಿ. ಪೇಟೆಂಟ್ ತಡವಾಗಿ ಬಂದರೆ ಹಿಂದಿನ ವರ್ಷಗಳದ್ದನ್ನೂ ಒಟ್ಟಿಗೆ ಕಟ್ಟಬೇಕಾಗುತ್ತದೆ, ಆ ಹೊತ್ತಿಗೆ ಕೈ ಖಾಲಿ ಇರದಂತೆ ನೋಡಿಕೊ. ಮೂರು ಆರ್ಥಿಕ ವರ್ಷಕ್ಕೊಮ್ಮೆ ಪೇಟೆಂಟನ್ನು ಬಳಕೆಗೆ ತಂದೆಯಾ ಎಂದು ಫಾರಂ 27ರಲ್ಲಿ ತಿಳಿಸಬೇಕು. ಏಳನೇ ವರ್ಷದ ಹೊತ್ತಿಗೆ ಒಬ್ಬ ತಯಾರಕನೂ ಬರದಿದ್ದರೆ ಕಟ್ಟುವುದನ್ನು ನಿಲ್ಲಿಸಿಬಿಡು. ನಾಚಿಕೆಪಡುವ ಸಂಗತಿಯೇನಲ್ಲ, ಆಮೇಲೆ ಊರಿನ ವೆಲ್ಡಿಂಗ್ ಶಾಪಿನವರೆಲ್ಲ ಅದನ್ನು ಮಾಡಲಿ, ನಮ್ಮ ತೋಟಕ್ಕೂ ಒಂದು ಅಗ್ಗಕ್ಕೆ ಸಿಗುತ್ತದೆ.

ಈ ಭಾನುವಾರ ಬರುತ್ತೇನೆ ಎಂದಿದ್ದೀಯ. ಯಂತ್ರ ಹೊತ್ತು ತರಬೇಡ. ಬಸ್ಸಿನಲ್ಲಿ ಹತ್ತು ಜನ ಕೇಳುತ್ತಾರೆ, ನೀನು ಹೇಳದೆ ಇರುವವಳಲ್ಲ. ಹೊಸದಾಗಿ ಬರೆದ ವಿವರಣೆ, ಚಿತ್ರ, ಒಂದರಿಂದ ಹತ್ತು ಕ್ಲೇಮು, ಇಷ್ಟೇ ತಾ. ಯಂತ್ರವನ್ನು ನೋಡಿರದ ನಾನು ಅದನ್ನು ಓದಿಕೊಂಡು ಆಚಾರಿ ಹತ್ತಿರ ಹಾಗೆಯೇ ಒಂದು ಮಾಡಿಸಲು ಬರಬೇಕು. ಕಾಯಿದೆ ಕೇಳುವುದೂ ಅದನ್ನೇ. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಕೆಂಪು ಗೆರೆ ಎಳೆದಿಡುತ್ತೇನೆ. ನಿನ್ನತ್ತೆ ಕೊಟ್ಟೆಕಡುಬು ಮಾಡುತ್ತಾಳಂತೆ, ಮಧ್ಯಾಹ್ನದೊಳಗೆ ಬಾ.

— ಮಾವ